ಟೆಸ್ಟ್ ರಿಗ್ 1800 ಆರ್‌ಪಿಎಂನಲ್ಲಿ ನಡುಗ್ತಿದ್ಯಾ? ರೋಟರ್ ಬಿಚ್ಚೋಕೆ ಮುಂಚೆ ಇದನ್ನ ನೋಡ್ಕೊಳ್ಳಿ

ಇದು ಕಂಪನಿ ಸ್ಪಾನ್ಸರ್ ಮಾಡಿರೋ ಫೈನಲ್ ಇಯರ್ ಡಿಸೈನ್ ಪ್ರಾಜೆಕ್ಟ್‌ನಲ್ಲಿ ಸಿಕ್ಕಾಕೊಂಡಿರೋ ಮೆಕ್ಯಾನಿಕಲ್ ಹುಡುಗ್ರು ಹುಡುಗೀರಿಗೆ. ಸಿಎಡಿ ಮುಗೀತು, ಫ್ಯಾಬ್ರಿಕೇಷನ್ ಮುಗೀತು, ರಿಗ್ ಜೋಡಿಸಿ ಆನ್ ಮಾಡಿದ್ರಿ, ಕಮ್ಮಿ ಸ್ಪೀಡ್‌ನಲ್ಲಿ ಬೆಣ್ಣೆ ಥರ ಓಡ್ತು, ಆದ್ರೆ ಸ್ಪಾನ್ಸರ್ ಕೇಳಿದ ಸ್ಪೀಡ್‌ಗೆ ಬರೋ ಹೊತ್ತಿಗೆ ಇಡೀ ಮೇಜೇ ಗಡಗಡ ಅಂತ ನಡುಗೋಕೆ ಶುರು. ರಿವ್ಯೂಗೆ ಮೂರು ವಾರ ಇದೆ. ನಮ್ಗೂ ಹಿಂಗೇ ಆಗಿತ್ತು.

ನಮ್ಮದು ಆಯಿಲ್ ಸೀಲ್ ಎಂಡ್ಯೂರೆನ್ಸ್ ರಿಗ್, ಅಂದ್ರೆ ಸೀಲ್ ಎಷ್ಟು ಗಂಟೆ ಬಾಳತ್ತೆ ಅಂತ ಓಡಿಸಿ ನೋಡೋ ಮೆಷಿನ್. 2.2 ಕಿಲೋವ್ಯಾಟ್ ಮೋಟರ್, ಅದಕ್ಕೊಂದು ವಿಎಫ್‌ಡಿ (ಮೋಟರ್ ಸ್ಪೀಡ್ ಏರಿಸಿ ಇಳಿಸೋ ಡ್ರೈವ್), ಮೋಟರ್‌ನ ಶಾಫ್ಟ್‌ಗೆ ಜೋಡಿಸೋ ಜಾ ಕಪ್ಲಿಂಗ್, ಎರಡು 6205 ಬೇರಿಂಗ್ ಮೇಲೆ ಕೂತಿರೋ ಶಾಫ್ಟು, ಅದ್ರ ಮೇಲೆ ಸ್ಪಾನ್ಸರ್ ಅವರೇ ಕಳ್ಸಿದ್ದ 12 ಕೆಜಿ ರೋಟರ್. ಇಷ್ಟನ್ನೂ ಹೊತ್ಕೊಂಡಿರೋ ಸ್ಕ್ವೇರ್ ಟ್ಯೂಬ್ ಫ್ರೇಮು ಸೇರಿ ಒಟ್ಟು 140 ಕೆಜಿ ಹತ್ರ. 1800 ಆರ್‌ಪಿಎಂನಲ್ಲಿ ನೂರಾರು ಗಂಟೆ ಓಡ್ಬೇಕು, ಬೇರಿಂಗ್ ಹೌಸಿಂಗ್ ಮೇಲೆ ವೈಬ್ರೇಷನ್ 1.8 ಮಿಮೀ/ಸೆ ಒಳಗಿರ್ಬೇಕು ಅಂತ ಅವರ ಶೀಟ್‌ನಲ್ಲಿತ್ತು. ಆ 1.8 ಎಲ್ಲಿಂದ ಬಂತು ಅಂತ ಆಗ ನಮಗೆ ಗೊತ್ತೇ ಇರ್ಲಿಲ್ಲ, ಆಮೇಲೆ ನೋಡಿದ್ರೆ ಐಎಸ್‌ಒ 10816ರ ಮೊದಲನೇ ಭಾಗದಲ್ಲಿ 15 ಕಿಲೋವ್ಯಾಟ್‌ವರೆಗಿನ ಸಣ್ಣ ಮೆಷಿನ್‌ಗಳಿಗೆ ಕೊಟ್ಟಿರೋ ಅಂಕಿ ಅದು, 1.8 ದಾಟಿದ್ರೆ ಬಹಳ ದಿನ ಓಡಿಸೋದಕ್ಕೆ ಸರಿಯಿಲ್ಲ, 4.5 ದಾಟಿದ್ರೆ ಮೆಷಿನ್‌ಗೇ ಏಟು. (ಆ ಸ್ಟ್ಯಾಂಡರ್ಡ್ ಜಾಗಕ್ಕೆ ಈಗ 20816 ಬಂದಿದೆ, ಆದ್ರೆ ಕಂಪನಿಗಳ ಶೀಟ್‌ನಲ್ಲಿ ಹಳೇ ನಂಬರೇ ಓಡಾಡ್ತಿರತ್ತೆ.) ನಮಗೆ ಬಂದಿದ್ದು 6.1.

ನಮ್ಮ ಗೈಡ್ ನೋಡಿದ ತಕ್ಷಣ ರೋಟರ್ ಬ್ಯಾಲೆನ್ಸ್ ಮಾಡ್ಸಿ ಅಂದ್ರು. ಸ್ಪಾನ್ಸರ್ ಕಡೆ ಇಂಜಿನಿಯರ್ ಫೋನಲ್ಲೇ ಬೇರಿಂಗ್ ಚೇಂಜ್ ಮಾಡಿ ಅಂದ್ರು. ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಕಥೆ. ಇಬ್ಬರೂ ಅನುಭವಸ್ಥರೇ, ಇಬ್ಬರೂ ಹೇಳಿದ್ದು ಸುಳ್ಳಲ್ಲ, ಆದ್ರೆ ಇಬ್ಬರೂ ರಿಗ್ ಪಕ್ಕ ನಿಂತು ಸ್ಪೀಡ್ ಮೇಲೆ ಕೆಳಗೆ ಮಾಡಿ ನೋಡಿರ್ಲಿಲ್ಲ. ಕೊನೆಗೆ ಸಿಕ್ಕ ಕಳ್ಳ ರೋಟರ್ರೂ ಅಲ್ಲ ಬೇರಿಂಗೂ ಅಲ್ಲ, ಕಾಲಕೆಳಗಿನ ರಬ್ಬರು. ಅಲ್ಲಿಗೆ ಹೆಂಗೆ ಬಂದ್ವಿ, ದಾರೀಲಿ ಏನೇನು ಯಾಮಾರಿದ್ವಿ ಅನ್ನೋದನ್ನ ನೀವು ಚೆಕ್ ಮಾಡ್ಬೇಕಾದ ಆರ್ಡರ್‌ನಲ್ಲೇ ಬರೀತೀನಿ.

ಮೊದ್ಲು ಸ್ಪ್ಯಾನರ್ ಕೆಳಗಿಡಿ

ನಾವು ಮಾಡಿದ ಮೊದಲನೇ ತಪ್ಪು ಇದೇ. ನಡುಕ ಕಂಡ ತಕ್ಷಣ ನಾಲ್ಕು ಜನ ನಾಲ್ಕು ಕಡೆಯಿಂದ ಬೋಲ್ಟ್ ಟೈಟ್ ಮಾಡೋಕೆ ಶುರು ಮಾಡಿದ್ವಿ, ಒಬ್ಬ ಕಪ್ಲಿಂಗ್ ಸ್ವಲ್ಪ ಸರಿಸ್ದ, ಇನ್ನೊಬ್ಳು ಬೇರಿಂಗ್‌ಗೆ ಗ್ರೀಸ್ ಹಾಕಿದ್ಲು, ಮತ್ತೆ ಓಡಿಸಿದ್ರೆ 6.1 ಇದ್ದಿದ್ದು 5.7 ಆಯ್ತು, ಎಲ್ಲರಿಗೂ ಖುಷಿ, ಯಾವುದ್ರಿಂದ ಕಮ್ಮಿ ಆಯ್ತು ಅಂತ ಒಬ್ಬರಿಗೂ ಗೊತ್ತಿಲ್ಲ. ಮಾರನೇ ದಿನ ಮತ್ತೆ 6.1. ಎರಡು ದಿನ ಹಿಂಗೇ ಹೋಯ್ತು.

ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡೋಕೆ ಮುಂಚೆ ಒಂದು ರೀಡಿಂಗ್, ಮಾಡಿದ್ಮೇಲೆ ಒಂದು ರೀಡಿಂಗ್, ಎರಡೂ ಅದೇ ಜಾಗದಲ್ಲಿ ಅದೇ ದಿಕ್ಕಿನಲ್ಲಿ ಅದೇ ಸ್ಪೀಡ್‌ನಲ್ಲಿ ಅದೇ ಬಿಸಿಯಲ್ಲಿ. ನೋಟ್‌ಬುಕ್‌ನಲ್ಲಿ ಒಬ್ಬರೇ ಬರೀಬೇಕು, ಉಳಿದವರು ಹೇಳ್ಬೇಕು. ಸೆನ್ಸರ್ ಇಡೋ ಜಾಗಕ್ಕೆ ಮಾರ್ಕರ್‌ನಲ್ಲಿ ರೌಂಡ್ ಹಾಕಿ. ಮೂರು ದಿಕ್ಕಿನಲ್ಲೂ ತಗೊಳ್ಳಿ: ಅಡ್ಡ, ಮೇಲೆ ಕೆಳಗೆ, ಶಾಫ್ಟ್ ಗುಂಟ. ಅಡ್ಡ ದಿಕ್ಕಲ್ಲಿ ಹೆಚ್ಚಿದ್ಯಾ ಮೇಲೆ ಕೆಳಗೆ ಹೆಚ್ಚಿದ್ಯಾ ಅನ್ನೋದೇ ಅರ್ಧ ಕಥೆ ಹೇಳತ್ತೆ, ಇದು ಆಮೇಲೆ ಕೆಲಸಕ್ಕೆ ಬರತ್ತೆ.

ಸೇಫ್ಟಿ ಬಗ್ಗೆ ಒಂದೇ ಮಾತು. ಗಾರ್ಡ್ ಇಲ್ದೆ ಓಡಿಸ್ಬೇಡಿ, ಕೈ ಹಾಕೋಕೆ ಮುಂಚೆ ಮೇನ್ ಐಸೊಲೇಟರ್ ಆಫ್ ಮಾಡಿ ಲಾಕ್ ಹಾಕಿ, ಕೀಲಿ ಕೈ ಹಾಕೋರ ಜೇಬಲ್ಲೇ ಇರ್ಲಿ. ವಿಎಫ್‌ಡಿ ಮೇಲಿನ ಸ್ಟಾಪ್ ಬಟನ್ ಒತ್ತಿದ್ರೆ ಪವರ್ ಹೋಗಿಲ್ಲ, ಒಳಗಿರೋ ಕೆಪಾಸಿಟರ್‌ಗಳು ಪವರ್ ತೆಗೆದ ಮೇಲೂ ಕೆಲವು ನಿಮಿಷ ಚಾರ್ಜ್ ಹಿಡ್ಕೊಂಡಿರ್ತವೆ.

ರೀಡಿಂಗ್ ನಿಜಾನಾ?

ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಲ್ಯಾಪ್‌ಟಾಪ್ ಸ್ಕ್ರೀನ್ ಮೇಲೆ ಒಂದು ಪೀಕ್ ಬಂತು ಅಂದ್ರೆ ಅದಕ್ಕೆ ಕಾರಣ ಹುಡುಕೋಕೆ ಹೊರಟುಬಿಡ್ತೀವಿ. ಆ ಪೀಕ್ ಮೆಷಿನ್‌ದಾ ಸೆನ್ಸರ್‌ದಾ ಅಂತ ಮೊದ್ಲು ಕೇಳ್ಬೇಕು.

ನಮ್ಮ ಮೊದಲ ರೀಡಿಂಗ್ 6.1 ಅಲ್ವೇ ಅಲ್ಲ, 14. ಮ್ಯಾಗ್ನೆಟ್ ಬೇಸ್ ಅಂಟಿಸೋಕೆ ಸುಲಭ ಅಂತ ಸೆನ್ಸರ್‌ನ ಕಪ್ಲಿಂಗ್ ಗಾರ್ಡ್ ಮೇಲೆ ಇಟ್ಟಿದ್ವಿ, ಅದು 1 ಮಿಮೀ ತಗಡು, ಅದು ತನ್ನಷ್ಟಕ್ಕೆ ತಮಟೆ ಬಾರಿಸ್ತಿತ್ತು. ಬೇರಿಂಗ್ ಹೌಸಿಂಗ್ ಮೇಲೆ, ಪೇಂಟ್ ಕೆರೆದು, ಚಪ್ಪಟೆ ಜಾಗದಲ್ಲಿ ಇಟ್ಟ ಮೇಲೆ 6.1ಕ್ಕೆ ಇಳೀತು. ತಗಡು, ಕವರ್, ಉದ್ದ ಬ್ರಾಕೆಟ್ ಇವುಗಳ ಮೇಲೆ ಸೆನ್ಸರ್ ಇಟ್ಟು ಬಂದ ಅಂಕಿಯನ್ನ ಸ್ಪಾನ್ಸರ್‌ಗೆ ಕಳಿಸ್ಲೇಬೇಡಿ, ನಾವು ಕಳಿಸಿದ್ವಿ, ಆ 14 ಅನ್ನೋ ನಂಬರ್ ಕೊನೇ ಪ್ರೆಸೆಂಟೇಷನ್‌ವರೆಗೂ ನಮ್ಮನ್ನ ಬಿಡ್ಲಿಲ್ಲ.

ಎರಡನೇದು ಇನ್ನೂ ಮಜಾ. ನಮ್ಮ ಹತ್ರ ಇದ್ದಿದ್ದು ಅಗ್ಗದ ಮೆಮ್ಸ್ ಆಕ್ಸಿಲರೋಮೀಟರು (ಚಿಪ್ ರೂಪದ ವೈಬ್ರೇಷನ್ ಸೆನ್ಸರ್), ಆರ್ಡುಯಿನೋಗೆ ಕಟ್ಟಿದ್ವಿ. 1800 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 30 ಸುತ್ತು, ಅಂದ್ರೆ 30 ಹರ್ಟ್ಸ್. ಎಫ್‌ಎಫ್‌ಟಿ (ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ನಡುಕ ಅಂತ ಬಿಡಿಸಿ ತೋರಿಸೋ ಲೆಕ್ಕ) ತೆಗೆದ್ರೆ 30ರಲ್ಲಿ ದೊಡ್ಡ ಪೀಕು, ಸರಿ. ಆದ್ರೆ 36ರಲ್ಲೂ ಒಂದು ಪೀಕು. 36 ಅಂದ್ರೆ ಓಡೋ ಸ್ಪೀಡ್‌ನ 1.2 ಪಟ್ಟು. ಬ್ಯಾಲೆನ್ಸ್ ಇಲ್ಲಾಂದ್ರೆ ಒಂದು ಪಟ್ಟಿನಲ್ಲಿ ಬರತ್ತೆ, ಅಲೈನ್‌ಮೆಂಟ್ ತಪ್ಪಿದ್ರೆ ಹೆಚ್ಚಾಗಿ ಎರಡು ಪಟ್ಟಿನಲ್ಲಿ, 1.2 ಎಲ್ಲಿಂದ ಬಂತು? ಬೇರಿಂಗೇ ಇರ್ಬೇಕು ಅಂತ ಎಲ್ಲರೂ ಸ್ಪಾನ್ಸರ್ ಮಾತಿಗೆ ಬಂದ್ವಿ. ಆದ್ರೆ 9 ಬಾಲ್ ಇರೋ 6205ರಲ್ಲಿ ಹೊರ ರೇಸ್ ಹಾಳಾದ್ರೆ ಸುಮಾರು 3.58 ಪಟ್ಟು, ಒಳ ರೇಸ್ ಹಾಳಾದ್ರೆ 5.42 ಪಟ್ಟು, ಕೇಜ್ ಅಂದ್ರೆ 0.4 ಪಟ್ಟು. 1.2 ಮೂಲ ಲೆಕ್ಕದಲ್ಲಿ ಎಲ್ಲೂ ಬರಲ್ಲ. (ಕೇಜ್‌ನ ಮೂರು ಪಟ್ಟು ಅಂತ ನಮ್ಮಲ್ಲೊಬ್ಬ ಜಗಳಕ್ಕೆ ಬಿದ್ದ. ಗಣಿತ ಸರಿ. ಹೊಸ ಬೇರಿಂಗ್‌ನಲ್ಲಿ ಕೇಜ್‌ನ ಮೂಲ ಫ್ರೀಕ್ವೆನ್ಸಿಯ ಸುಳಿವೇ ಇಲ್ದೆ ಮೂರನೇದು ಮಾತ್ರ ಹೆಂಗೆ ಬರತ್ತೆ ಅಂದಿದ್ದಕ್ಕೆ ಸುಮ್ನಾದ.)

ಗುಟ್ಟು ಬಯಲಾಗಿದ್ದು ಆಕಸ್ಮಿಕವಾಗಿ. ಸ್ಪೀಡ್‌ನ 1860ಕ್ಕೆ ಏರಿಸಿದ್ವಿ. 30ರ ಪೀಕು 31ಕ್ಕೆ ಹೋಯ್ತು, ಹೋಗ್ಲೇಬೇಕು. ಆದ್ರೆ 36ರ ಪೀಕು 37ಕ್ಕೆ ಹೋಗೋ ಬದ್ಲು ಹಿಂದೆ ಬಂದು 34ಕ್ಕೆ ಕೂತ್ಕೊಂತು. ಮೆಷಿನ್ ಜೋರಾಗಿ ತಿರುಗಿದ್ರೆ ಫ್ರೀಕ್ವೆನ್ಸಿ ಕಮ್ಮಿ ಆಗೋದು ಯಾವ ಲೋಕದ ನ್ಯಾಯ? ಆಗ ಹೊಳೀತು, ಇದು ಅಲಿಯಾಸಿಂಗ್, ಅಂದ್ರೆ ಸ್ಯಾಂಪಲ್ ಸಾಲದೆ ಸುಳ್ಳು ಫ್ರೀಕ್ವೆನ್ಸಿ ಕಾಣೋದು. ಸೀರಿಯಲ್ ಪೋರ್ಟ್ 9600 ಬಾಡ್‌ನಲ್ಲಿತ್ತು, ಒಂದು ಅಕ್ಷರಕ್ಕೆ 10 ಬಿಟ್, ಅಂದ್ರೆ ಸೆಕೆಂಡಿಗೆ 960 ಅಕ್ಷರ, ನಾವು ಪ್ರಿಂಟ್ ಮಾಡ್ತಿದ್ದ ಒಂದೊಂದು ಸಾಲು ಕೊನೇ ಲೈನ್ ಬ್ರೇಕ್ ಸೇರಿ 10 ಅಕ್ಷರ, ಅಲ್ಲಿಗೆ ಸೆಕೆಂಡಿಗೆ 96 ಸ್ಯಾಂಪಲ್ ಅಷ್ಟೆ. ಸೆನ್ಸರ್ ಎಷ್ಟೇ ಫಾಸ್ಟ್ ಇರ್ಲಿ, ಪೈಪು ಅಷ್ಟೇ ದಪ್ಪ. 96ರಲ್ಲಿ ಅರ್ಧ 48, ಅದಕ್ಕಿಂತ ಮೇಲಿರೋದೆಲ್ಲಾ ಮಡಚಿಕೊಂಡು ಕೆಳಗೆ ಬೀಳತ್ತೆ, 60 ಹರ್ಟ್ಸ್ ಹೋಗಿ 96 ಮೈನಸ್ 60, ಅಂದ್ರೆ 36ರಲ್ಲಿ ಕಾಣತ್ತೆ. 62 ಆದ್ರೆ 34. ಅಂದ್ರೆ ನಮ್ಮ ರಿಗ್‌ನಲ್ಲಿ ಇದ್ದಿದ್ದು ಎರಡು ಪಟ್ಟಿನ ಪೀಕು, ಅದು ವೇಷ ಹಾಕ್ಕೊಂಡು ಬಂದಿತ್ತು.

ಸೋ, ಬಾಡ್ ರೇಟ್ 115200 ಮಾಡಿ, ಟೈಮರ್ ಇಟ್ಟು ಸೆಕೆಂಡಿಗೆ 500 ಸ್ಯಾಂಪಲ್ ಕರೆಕ್ಟಾಗಿ ತಗೊಳ್ಳಿ, ಲೂಪ್‌ನಲ್ಲಿ ಡಿಲೇ ಹಾಕಿ ಅಂದಾಜಲ್ಲಿ ಬಿಡ್ಬೇಡಿ. ಸೆನ್ಸರ್ ಒಳಗಿನ ಡೇಟಾ ರೇಟ್ ಕೂಡ ಅದಕ್ಕೆ ತಕ್ಕ ಹಾಗೆ ಸೆಟ್ ಮಾಡಿ, ಉದಾಹರಣೆ ಕೋಡ್‌ನಲ್ಲಿ ಇದ್ದಿದ್ದನ್ನೇ ಕಾಪಿ ಮಾಡಿದ್ರೆ ಅದು 100ರಲ್ಲೇ ಕೂತಿರಬಹುದು. ಕಮ್ಮಿ ಅಂದ್ರೂ 4 ಸೆಕೆಂಡ್ ರೆಕಾರ್ಡ್ ಮಾಡಿ, ಆಗ ಎಫ್‌ಎಫ್‌ಟಿಯಲ್ಲಿ ಕಡ್ಡಿಗೂ ಕಡ್ಡಿಗೂ ನಡುವೆ 0.25 ಹರ್ಟ್ಸ್ ಅಂತರ ಸಿಗತ್ತೆ, ಅರ್ಧ ಸೆಕೆಂಡ್ ರೆಕಾರ್ಡ್ ಮಾಡಿದ್ರೆ ಅಂತರ 2 ಹರ್ಟ್ಸ್, 26 ಮತ್ತು 30 ಎರಡೂ ಒಂದೇ ಗುಡ್ಡ ಥರ ಕಾಣತ್ತೆ. ಹಿಂಗೆ ಸರಿ ಮಾಡಿದ್ಮೇಲೆ ನಮ್ಮ 36 ಮಾಯ, 60ರಲ್ಲಿ ಪೀಕ್ ಎದ್ದು ನಿಂತ್ಕೊಂತು. ಲೆಕ್ಕ: 30ರಲ್ಲಿ 5.2, 60ರಲ್ಲಿ 3.1, ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದ್ರೆ ಸರಿಯಾಗಿ 6.1. ಲೆಕ್ಕ ಕೂಡ್ತಲ್ಲ ಅಂದ್ರೆ ರೀಡಿಂಗ್ ಮೇಲೆ ನಂಬಿಕೆ ಬಂತು.

ಮೋಟರ್ ಆಫ್ ಮಾಡಿ ನೋಡಿ

ಒಂದು ಪೈಸೆ ಖರ್ಚಿಲ್ದೆ ಎಲ್ಲಕ್ಕಿಂತ ಜಾಸ್ತಿ ಮಾಹಿತಿ ಕೊಡೋ ಟೆಸ್ಟು ಇದು, ಯಾರೂ ಮಾಡಲ್ಲ. ಫುಲ್ ಸ್ಪೀಡ್‌ನಲ್ಲಿ ಓಡಿಸಿ, ರೆಕಾರ್ಡಿಂಗ್ ಆನ್ ಮಾಡಿ, ಪವರ್ ಕಟ್ ಮಾಡಿ ತಾನಾಗೇ ನಿಲ್ಲೋಕೆ ಬಿಡಿ. ವಿಎಫ್‌ಡಿ ಸೆಟ್ಟಿಂಗ್‌ನಲ್ಲಿ ಸ್ಟಾಪ್ ಮೋಡ್ ಕೋಸ್ಟ್ ಅಂತ ಇರ್ಬೇಕು, ರ್‍ಯಾಂಪ್ ಅಂತ ಇದ್ರೆ ಡ್ರೈವ್ ಇನ್ನೂ ಮೋಟರ್ ಹಿಡ್ಕೊಂಡು ಇಳಿಸ್ತಿರತ್ತೆ, ಟೆಸ್ಟ್ ದಂಡ.

ಪವರ್ ಹೋದ ಕ್ಷಣಕ್ಕೇ ಪೀಕ್ ಪಟ್ ಅಂತ ಸತ್ತರೆ ಅದು ಎಲೆಕ್ಟ್ರಿಕಲ್, ಮೋಟರ್ ಒಳಗಿಂದು ಅಥವಾ ಬರೀ ವಿಎಫ್‌ಡಿ ನಾಯ್ಸ್ ನಿಮ್ಮ ಸೆನ್ಸರ್ ವೈರ್‌ಗೆ ಹತ್ತಿರೋದು. ಸ್ಪೀಡ್ ಇಳಿದ ಹಾಗೆ ನಡುಕ ನೀಟಾಗಿ ಇಳೀತಾ ಬಂದ್ರೆ ಬ್ಯಾಲೆನ್ಸ್ ಕಡೆ ಅನುಮಾನ, ಯಾಕಂದ್ರೆ ಅನ್‌ಬ್ಯಾಲೆನ್ಸ್ ಫೋರ್ಸ್ ಸ್ಪೀಡ್‌ನ ವರ್ಗಕ್ಕೆ ತಕ್ಕಂಗೆ ಇಳಿಯತ್ತೆ, ಅರ್ಧ ಸ್ಪೀಡ್‌ಗೆ ಕಾಲು ಫೋರ್ಸ್. ಮೂರನೇದೂ ಒಂದಿದೆ.

ನಮ್ಮ ರಿಗ್‌ನಲ್ಲಿ ಆಗಿದ್ದು ಹೇಳ್ತೀನಿ. ಪವರ್ ಕಟ್ ಮಾಡಿದ್ವಿ. ಎರಡು ಸೆಕೆಂಡ್ ಆದ್ಮೇಲೆ ನಡುಕ ಕಮ್ಮಿ ಆಗೋ ಬದ್ಲು ಜಾಸ್ತಿ ಆಯ್ತು. ಬೇಸ್ ಪ್ಲೇಟ್ ಮೇಲೆ ಯಾರೋ ಬಿಟ್ಟಿದ್ದ ಒಂದು ಎಂ8 ನಟ್ ಅಲ್ಲಿವರೆಗೂ ಸುಮ್ನೆ ಒಂದೇ ಕಡೆ ಗಿರಗುಟ್ತಿತ್ತು, ಈಗ ಕುಣಿದು ಕುಣಿದು ಅಂಚಿಗೆ ಬಂದು ನೆಲಕ್ಕೆ ಬಿತ್ತು. ಇನ್ನೊಂದು ಎರಡು ಸೆಕೆಂಡ್, ಇಡೀ ರಿಗ್ ನಿಶ್ಶಬ್ದ, ಶಾಫ್ಟ್ ಇನ್ನೂ ಸುಮಾರು ಸಾವಿರ ಆರ್‌ಪಿಎಂನಲ್ಲಿ ತಿರುಗ್ತಾನೇ ಇದೆ. ಡೇಟಾ ನೋಡಿದ್ರೆ 1590 ಆರ್‌ಪಿಎಂ ಹತ್ರ ಗುಡ್ಡ, ಎರಡೂ ಕಡೆ ಇಳಿಜಾರು. 1590 ಅಂದ್ರೆ 26.5 ಹರ್ಟ್ಸ್. ಹಿಂಗೆ ಒಂದು ಸ್ಪೀಡ್‌ನಲ್ಲಿ ಏರಿ ಮತ್ತೆ ಇಳಿದ್ರೆ ಅದು ರೆಸೊನೆನ್ಸ್ (ತಳ್ಳೋ ಫ್ರೀಕ್ವೆನ್ಸಿ ರಿಗ್‌ನ ಸ್ವಂತ ಫ್ರೀಕ್ವೆನ್ಸಿಗೆ ಹೊಂದಿ ನಡುಕ ಹಿಗ್ಗೋದು), ಬೇರೆ ಮಾತೇ ಇಲ್ಲ. ಸ್ಟಾರ್ಟ್ ಆಗೋವಾಗ ಇದು ಯಾಕೆ ಕಾಣ್ಲಿಲ್ಲ ಅಂದ್ರೆ ವಿಎಫ್‌ಡಿ ರ್‍ಯಾಂಪ್ 5 ಸೆಕೆಂಡ್ ಇತ್ತು, ಆ ಸ್ಪೀಡ್‌ನ ದಾಟೋಕೆ ಅರ್ಧ ಸೆಕೆಂಡೂ ಆಗ್ತಿರ್ಲಿಲ್ಲ, ಬೆಳೆಯೋಕೆ ಟೈಮೇ ಸಿಗ್ತಿರ್ಲಿಲ್ಲ.

ಇಷ್ಟು ಗೊತ್ತಾದ ಮೇಲೂ ಯಾವುದರ ರೆಸೊನೆನ್ಸ್ ಅಂತ ಗೊತ್ತಾಗಿಲ್ಲ. ಶಾಫ್ಟ್‌ದಾ, ಫ್ರೇಮ್‌ದಾ, ಮೋಟರ್ ಬ್ರಾಕೆಟ್‌ದಾ? ಅದಕ್ಕೆ ಮುಂದಿನ ಟೆಸ್ಟು.

ಸುತ್ತಿಗೆ ಏಟು

ಮೆಷಿನ್ ಪೂರ್ತಿ ಆಫ್. ಸೆನ್ಸರ್ ಬೇರಿಂಗ್ ಹೌಸಿಂಗ್ ಮೇಲೆ. ರಬ್ಬರ್ ಸುತ್ತಿಗೆ ತಗೊಂಡು ಒಂದೇ ಏಟು, ಹಿಂದೆ ತೆಗೀರಿ, 4 ಸೆಕೆಂಡ್ ರೆಕಾರ್ಡ್. ಇದನ್ನ ಫ್ರೇಮ್ ಮೇಲೆ, ಹೌಸಿಂಗ್ ಮೇಲೆ, ಮೋಟರ್ ಮೇಲೆ, ಅಡ್ಡಕ್ಕೂ ಮೇಲಿಂದಲೂ ಮಾಡಿ. ಎಲ್ಲಿ ಹೊಡೆದ್ರೂ ಒಂದೇ ಫ್ರೀಕ್ವೆನ್ಸಿ ಬಂದ್ರೆ ಇಡೀ ರಿಗ್ ಒಟ್ಟಾಗಿ ಓಲಾಡ್ತಿದೆ, ಒಂದು ಕಡೆ ಹೊಡೆದಾಗ ಮಾತ್ರ ಬಂದ್ರೆ ಅಲ್ಲೇ ಲೋಕಲ್ ಸಮಸ್ಯೆ. ನಮಗೆ ಎಲ್ಲಾ ಕಡೆನೂ 26.5.

ಈಗ ನಾಚಿಕೆ ವಿಷ್ಯಕ್ಕೆ ಬರೋಣ. ನಮ್ಮ ಡಿಸೈನ್ ರಿಪೋರ್ಟ್‌ನಲ್ಲಿ ಬಣ್ಣಬಣ್ಣದ ಎಫ್‌ಇಎ (ಕಂಪ್ಯೂಟರ್ ಸಿಮ್ಯುಲೇಷನ್) ಚಿತ್ರ ಇತ್ತು, ಫ್ರೇಮ್‌ನ ಮೊದಲ ನ್ಯಾಚುರಲ್ ಫ್ರೀಕ್ವೆನ್ಸಿ 61 ಹರ್ಟ್ಸ್, ಓಡೋ ಸ್ಪೀಡ್‌ಗಿಂತ ಎರಡು ಪಟ್ಟು ದೂರ, ಸೇಫ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ವಿ. 61 ಎಲ್ಲಿ, 26.5 ಎಲ್ಲಿ. ಮೆಶ್ ತಪ್ಪಾ, ಮೆಟೀರಿಯಲ್ ತಪ್ಪಾ ಅಂತ ಒಂದು ರಾತ್ರಿ ಕೂತು ನೋಡಿದ್ವಿ. ತಪ್ಪಿದ್ದಿದ್ದು ಒಂದೇ ಕ್ಲಿಕ್‌ನಲ್ಲಿ: ನಾಲ್ಕು ಕಾಲಿನ ತಳ ಸೆಲೆಕ್ಟ್ ಮಾಡಿ ಫಿಕ್ಸ್ಡ್ ಸಪೋರ್ಟ್ ಕೊಟ್ಟಿದ್ವಿ. ನಿಜವಾದ ರಿಗ್ ನಿಂತಿದ್ದು ರಬ್ಬರ್ ಲೆವೆಲಿಂಗ್ ಫೂಟ್ ಮೇಲೆ, ಲ್ಯಾಬ್ ನೆಲಕ್ಕೆ ಗೀಚು ಬೀಳ್ಬಾರ್ದು ಅಂತ ನಾವೇ ಕೊನೇ ಗಳಿಗೆಯಲ್ಲಿ ಹಾಕಿದ್ದು, ಡ್ರಾಯಿಂಗ್‌ನಲ್ಲೂ ಇಲ್ಲ ಮಾಡೆಲ್‌ನಲ್ಲೂ ಇಲ್ಲ. ಕಂಪ್ಯೂಟರ್‌ನಲ್ಲಿ ಭೂಮಿಗೆ ಬೆಸುಗೆ ಹಾಕಿದ ಫ್ರೇಮು, ಲ್ಯಾಬ್‌ನಲ್ಲಿ ಚಪ್ಪಲಿ ಹಾಕ್ಕೊಂಡಿರೋ ಫ್ರೇಮು.

ಕೈ ಲೆಕ್ಕದಲ್ಲೇ ಇದು ಗೊತ್ತಾಗ್ಬೇಕಿತ್ತು. ಒಂದು ತೂಕ ಸ್ಪ್ರಿಂಗ್ ಮೇಲೆ ಕೂತಾಗ ಎಷ್ಟು ಮಿಲಿಮೀಟರ್ ಕುಸಿಯತ್ತೋ ಅದ್ರ ವರ್ಗಮೂಲದಿಂದ 15.8ನ ಭಾಗಿಸಿದ್ರೆ ನ್ಯಾಚುರಲ್ ಫ್ರೀಕ್ವೆನ್ಸಿ ಹರ್ಟ್ಸ್‌ನಲ್ಲಿ ಸಿಗತ್ತೆ. ರಬ್ಬರ್ ಬರೀ 0.35 ಮಿಮೀ ಕುಸಿದ್ರೂ ಸಾಕು, 26.5 ಹರ್ಟ್ಸ್ ಬಂದುಬಿಡತ್ತೆ. 0.35 ಮಿಮೀ ಕಣ್ಣಿಗೂ ಕಾಣಲ್ಲ. ರಬ್ಬರ್ ಓಡ್ತಿರೋವಾಗ ನಿಂತಿದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ ವರ್ತಿಸತ್ತೆ, ಫ್ರೇಮು ಮೇಲೆ ಕೆಳಗೆ ಮಾತ್ರ ಅಲ್ಲ ಪಕ್ಕಕ್ಕೂ ಓಲಾಡತ್ತೆ, ಸೋ ಇದು ಅಂದಾಜು ಅಷ್ಟೇ, ಆದ್ರೆ 61ನ ನಂಬ್ಕೊಂಡು ಕೂರೋದಕ್ಕಿಂತ ವಾಸಿ.

ರೆಸೊನೆನ್ಸೇ ಹೌದಾ ಅಂತ ಇನ್ನೂ ಡೌಟ್ ಇದ್ರೆ ಇನ್ನೊಂದು ಟೆಸ್ಟ್ ಇದೆ, ತೂಕ ಹೇರಿ. ನಾವು 60 ಕೆಜಿ ಮರಳು ಚೀಲ ಬೇಸ್ ಪ್ಲೇಟ್ ಮೇಲೆ ಬಿಗಿಯಾಗಿ ಕಟ್ಟಿದ್ವಿ, 140 ಇದ್ದಿದ್ದು 200 ಆಯ್ತು, ಲೆಕ್ಕದ ಪ್ರಕಾರ 26.5 ಇಳಿದು 22 ಚಿಲ್ರೆ ಆಗ್ಬೇಕು. ಸುತ್ತಿಗೆ ಏಟಿಗೆ 22.5 ಬಂತು, 1800ರಲ್ಲಿ ನಡುಕನೂ ಅರ್ಧಕ್ಕಿಂತ ಕೆಳಗೆ ಬಂತು. ರೋಟರ್ ಮುಟ್ಟಿಲ್ಲ, ಬೇರಿಂಗ್ ಮುಟ್ಟಿಲ್ಲ. ಇದನ್ನ ವಿಡಿಯೋ ಮಾಡಿ ಇಟ್ಕೊಳ್ಳಿ, ಗೈಡ್‌ಗೂ ಸ್ಪಾನ್ಸರ್‌ಗೂ ಒಟ್ಟಿಗೇ ಉತ್ತರ.

ಎರಡು ಪಟ್ಟಿನ ಪೀಕು, ಸಾಫ್ಟ್ ಫೂಟು, ಕೀ

ಇದು ಬೇರೆ ಕಾಯಿಲೆ, ಜೊತೇಲೇ ಇತ್ತು. ಒಂದು ರಿಗ್‌ಗೆ ಒಂದೇ ದೋಷ ಇರ್ಬೇಕು ಅಂತ ಯಾರೂ ಬರೆದುಕೊಟ್ಟಿಲ್ಲ.

ಮೊದ್ಲು ಸಾಫ್ಟ್ ಫೂಟ್. ಮೋಟರ್‌ನ ನಾಲ್ಕು ಕಾಲೂ ಟೈಟ್ ಇರೋವಾಗ ಡಯಲ್ ಗೇಜ್‌ನ ಒಂದು ಕಾಲಿನ ಮೇಲೆ ಇಟ್ಟು ಸೊನ್ನೆ ಮಾಡಿ, ಆ ಕಾಲಿನ ಬೋಲ್ಟ್ ಮಾತ್ರ ಸಡಿಲ ಮಾಡಿ, ಮುಳ್ಳು 0.05 ಮಿಮೀಗಿಂತ ಜಾಸ್ತಿ ಓಡಿದ್ರೆ ಆ ಕಾಲು ಗಾಳಿಯಲ್ಲಿದೆ, ಬೋಲ್ಟ್ ಅದನ್ನ ಬಲವಂತವಾಗಿ ಎಳೆದು ಕೂರಿಸಿ ಮೋಟರ್ ಬಾಡಿಯನ್ನೇ ತಿರುಚ್ತಿದೆ. ಮತ್ತೆ ಟೈಟ್ ಮಾಡಿ ಮುಂದಿನ ಕಾಲಿಗೆ ಹೋಗಿ. ನಮ್ಮದ್ರಲ್ಲಿ ಒಂದು ಕಾಲು 0.18 ಎದ್ದಿತ್ತು, ವೆಲ್ಡಿಂಗ್ ಆದ್ಮೇಲೆ ಪ್ಲೇಟ್ ಸೊಟ್ಟಗಾಗಿತ್ತು, ಮೆಷಿನಿಂಗ್ ಮಾಡಿಸೋಕೆ ಬಜೆಟ್ ಇಲ್ಲ ಅಂತ ಬಿಟ್ಟಿದ್ವಿ. ಸ್ಟೇನ್‌ಲೆಸ್ ಶಿಮ್ (ಸಂದಿಗೆ ಹಾಕೋ ತೆಳು ತಗಡು) ಹಾಕಿ ಸರಿ ಮಾಡಿದ್ವಿ. ತೆಳ್ಳಗಿನ ಏಳೆಂಟು ಶಿಮ್ ಪೇರಿಸಬೇಡಿ, ಅದು ಸ್ಪ್ರಿಂಗ್ ಆಗತ್ತೆ, ದಪ್ಪದ್ದು ಒಂದು ಎರಡರಲ್ಲಿ ಮುಗಿಸಿ.

ಸಾಫ್ಟ್ ಫೂಟ್ ಸರಿ ಮಾಡದೆ ಅಲೈನ್‌ಮೆಂಟ್‌ಗೆ ಕೂತ್ರೆ ಬೋಲ್ಟ್ ಟೈಟ್ ಮಾಡಿದಾಗೆಲ್ಲಾ ರೀಡಿಂಗ್ ಓಡಾಡತ್ತೆ, ಹುಚ್ಚು ಹಿಡಿಯತ್ತೆ. ನಮ್ಮ 5.7 ಮಾರನೇ ದಿನ ಮತ್ತೆ 6.1 ಆಗಿದ್ದಕ್ಕೂ ಇದೇ ಕಾರಣ ಇದ್ದಿರಬೇಕು ಅನ್ಸತ್ತೆ. ಅದಾದ್ಮೇಲೆ ಡಯಲ್ ಗೇಜ್‌ನಲ್ಲಿ ಕಪ್ಲಿಂಗ್ ರಿಮ್ ಮತ್ತು ಫೇಸ್ ಎರಡೂ ನೋಡಿ. ಜಾ ಕಪ್ಲಿಂಗ್ ಮಧ್ಯದಲ್ಲಿ ರಬ್ಬರ್ ಸ್ಪೈಡರ್ ಇದೆ, ಫ್ಲೆಕ್ಸಿಬಲ್ಲು, ಅದೇ ಅಡ್ಜಸ್ಟ್ ಮಾಡ್ಕೊಳತ್ತೆ ಅಂತ ಬಿಡ್ಬೇಡಿ. ಅದು ಮುರೀದೇ ಇರೋಕೆ ಅಡ್ಜಸ್ಟ್ ಮಾಡ್ಕೊಳತ್ತೆ, ನಡುಗದೇ ಇರೋಕೆ ಅಲ್ಲ. ಇದಿಷ್ಟು ಆದ್ಮೇಲೆ 60ರ ಪೀಕು 3.1ರಿಂದ 0.6ಕ್ಕೆ ಬಂತು. ಒಟ್ಟು ರೀಡಿಂಗ್ ಮಾತ್ರ 6.1ರಿಂದ 5.2ಕ್ಕೆ ಅಷ್ಟೇ ಇಳೀತು, ಯಾಕಂದ್ರೆ ದೊಡ್ಡಣ್ಣ 30ರಲ್ಲಿ ಹಾಗೇ ಕೂತಿದ್ದ.

ಮೋಟರ್ ಒಂದನ್ನೇ ಕಪ್ಲಿಂಗ್ ಬಿಡಿಸಿ ಓಡಿಸಿ ನೋಡೋದು ಒಳ್ಳೇ ಟೆಸ್ಟು, ಆಗ ನಡುಕ ಪೂರ್ತಿ ಹೋದ್ರೆ ಕಪ್ಲಿಂಗ್ ಆಚೆ ಕಡೆ ಹುಡುಕಿ. ಆದ್ರೆ ದಯವಿಟ್ಟು ಶಾಫ್ಟ್ ಮೇಲಿನ ಕೀ (ಹಬ್ ಜಾರದ ಹಾಗೆ ಹಿಡಿಯೋ ಸಣ್ಣ ಲೋಹದ ತುಂಡು) ತೆಗೆದಿಟ್ಟೋ ಅಥವಾ ಬಿಗಿಯಾಗಿ ಭದ್ರ ಮಾಡಿಯೋ ಆನ್ ಮಾಡಿ. ಹಬ್ ಇಲ್ದೆ ಬರೀ ಕೀವೇನಲ್ಲಿ ಕೂತಿರೋ ಕೀ ತಿರುಗೋಕೆ ಶುರುವಾದ್ರೆ ಗುಂಡು ಥರ ಹಾರತ್ತೆ. ಇನ್ನು ಕೀ ಉದ್ದನೂ ನೋಡಿ, ಮೋಟರ್ ರೋಟರ್‌ನ ಸಾಮಾನ್ಯವಾಗಿ ಅರ್ಧ ಕೀ ಲೆಕ್ಕದಲ್ಲಿ ಬ್ಯಾಲೆನ್ಸ್ ಮಾಡಿರ್ತಾರೆ, ನೀವು ಹಬ್‌ಗಿಂತ ಎರಡು ಪಟ್ಟು ಉದ್ದದ ಕೀ ತುರುಕಿದ್ರೆ ಹೊರಗೆ ಚಾಚಿರೋ ತುಂಡು ಅಷ್ಟೂ ಅನ್‌ಬ್ಯಾಲೆನ್ಸ್.

ಹಾಗಾದ್ರೆ ರೋಟರ್ ನಿರಪರಾಧಿನಾ?

ಪೂರ್ತಿ ಅಲ್ಲ. ರೆಸೊನೆನ್ಸ್ ತಾನಾಗೇ ನಡುಗಿಸಲ್ಲ, ಯಾರೋ ತಳ್ಳಬೇಕು, ಅದು ದೊಡ್ಡದು ಮಾಡತ್ತೆ. ತಳ್ತಿರೋದು ರೋಟರ್ರೇ. ಜಿ6.3 ಗ್ರೇಡ್‌ಗೆ (ಜಿ ನಂಬರ್ ಕಮ್ಮಿ ಆದಷ್ಟೂ ಬ್ಯಾಲೆನ್ಸ್ ನಿಖರ) ಬ್ಯಾಲೆನ್ಸ್ ಮಾಡಿದ ರೋಟರ್ ಅಂದ್ರೆ 1800 ಆರ್‌ಪಿಎಂನಲ್ಲಿ ಪ್ರತಿ ಕೆಜಿಗೆ ಸುಮಾರು 33 ಗ್ರಾಂ-ಮಿಮೀ ಉಳಿದಿರಬಹುದು, 12 ಕೆಜಿಗೆ 400 ಗ್ರಾಂ-ಮಿಮೀ, ಅದು ಹುಟ್ಟಿಸೋ ಫೋರ್ಸ್ 14 ನ್ಯೂಟನ್ ಹತ್ರ. ಇದು ತಪ್ಪಲ್ಲ, ಗ್ರೇಡ್ ಒಳಗೇ ಇದೆ. ಇದೇ 14 ನ್ಯೂಟನ್‌ನ 26.5ರಲ್ಲಿ ರೆಸೊನೆನ್ಸ್ ಇರೋ ಫ್ರೇಮು 30ರಲ್ಲಿ ಸುಮಾರು ಮೂರೂವರೆ ಪಟ್ಟು ಮಾಡಿ ತೋರಿಸತ್ತೆ, ಗಟ್ಟಿ ಫ್ರೇಮು ತೋರಿಸಲ್ಲ. ಈ ರೋಟರ್‌ನ ಜಿ2.5ಗೆ ಬ್ಯಾಲೆನ್ಸ್ ಮಾಡಿಸಿದ್ರೆ ನಡುಕ ಕಮ್ಮಿ ಆಗತ್ತೆ, ಗೈಡ್ ಖುಷಿ ಆಗ್ತಾರೆ, ರೋಗ ಒಳಗೇ ಉಳಿಯತ್ತೆ, ಮುಂದೆ ಸೀಲ್ ಸವೆದು ಲೋಡ್ ಸ್ವಲ್ಪ ಬದಲಾದ್ರೂ ಮತ್ತೆ ಎದ್ದು ಬರತ್ತೆ.

ಅದಕ್ಕಿಂತ ದೊಡ್ಡ ವಿಷ್ಯ, ಆ ರೋಟರ್ ನಿಮ್ದಲ್ಲ, ಸ್ಪಾನ್ಸರ್‌ದು. ನಮ್ಮ ಪಕ್ಕದ ಟೀಮ್‌ನವರು ಅವರ ಸ್ಪಾನ್ಸರ್ ಕೊಟ್ಟಿದ್ದ ಪಾರ್ಟ್‌ಗೆ ಬ್ಯಾಲೆನ್ಸ್ ಮಾಡ್ತೀವಿ ಅಂತ ಎರಡು ತೂತು ಕೊರೆದ್ರು, ಕೊರೆದ್ಮೇಲೆ ಗೊತ್ತಾಯ್ತು ಅದು ಪ್ರೊಟೊಟೈಪ್, ಇರೋದೇ ಒಂದು. ಡ್ರಿಲ್, ಗ್ರೈಂಡರ್, ವೆಲ್ಡಿಂಗ್ ಇವು ಮೂರೂ ಸ್ಪಾನ್ಸರ್ ಪಾರ್ಟ್ ಹತ್ರ ಹೋಗೋಕೆ ಮುಂಚೆ ಲಿಖಿತ ಒಪ್ಪಿಗೆ ಬೇಕು, ಫೋನಲ್ಲಿ ಹೂಂ ಅಂದ್ರು ಅನ್ನೋದು ಲೆಕ್ಕಕ್ಕಿಲ್ಲ.

ಸರಿ ಮಾಡೋದು ಹೆಂಗೆ

ವಿಎಫ್‌ಡಿಯಲ್ಲಿ ಸ್ಕಿಪ್ ಫ್ರೀಕ್ವೆನ್ಸಿ ಅಂತ ಇರತ್ತೆ, ಆ ಸ್ಪೀಡ್ ಮೇಲೆ ನಿಲ್ಲದ ಹಾಗೆ ಮಾಡತ್ತೆ. ನಮಗೆ ಪ್ರಯೋಜನ ಇಲ್ಲ, ಯಾಕಂದ್ರೆ 1800ರಲ್ಲೇ ನಿಲ್ಲಬೇಕು, 1590ಗೆ ತೀರಾ ಹತ್ರ. ಎರಡೇ ದಾರಿ, ಫ್ರೀಕ್ವೆನ್ಸಿಯನ್ನ ಕೆಳಗೆ ದೂರ ತಳ್ಳಿ ಇಲ್ಲಾ ಮೇಲೆ ದೂರ ತಳ್ಳಿ. ಮೆತ್ತಗಿನ ಸ್ಪ್ರಿಂಗ್ ಮೌಂಟ್ ಹಾಕಿ 8 ಹರ್ಟ್ಸ್‌ಗೆ ಇಳಿಸಬಹುದು, ಚೆನ್ನಾಗೇ ಕೆಲಸ ಮಾಡತ್ತೆ, ಆದ್ರೆ ಪ್ರತಿ ಸ್ಟಾರ್ಟ್ ಸ್ಟಾಪ್‌ಗೂ 8ನ ದಾಟಬೇಕು, ಆಯಿಲ್ ಪೈಪೆಲ್ಲಾ ಫ್ಲೆಕ್ಸಿಬಲ್ ಆಗ್ಬೇಕು. ನಾವು ಮೇಲಕ್ಕೆ ಹೋದ್ವಿ.

ಇಲ್ಲೊಂದು ಗುಂಡಿ ಇದೆ, ನಾವು ಬಿದ್ವಿ. ಎರಡು ಕಾಲಿನ ರಬ್ಬರ್ ಮಾತ್ರ ತೆಗೆದು ಸ್ಟೀಲ್ ಪ್ಯಾಡ್ ಇಟ್ಟು ಟ್ರಯಲ್ ನೋಡೋಣ ಅಂದ್ವಿ. ಫ್ರೇಮ್ ಗಟ್ಟಿ ಆಯ್ತು, ನಿಜ, 26.5 ಇದ್ದಿದ್ದು 29ಕ್ಕೆ ಬಂತು, ಅಂದ್ರೆ ಓಡೋ 30ರ ಪಕ್ಕಕ್ಕೇ ಬಂದು ಕೂತ್ಕೊಂತು. ರೀಡಿಂಗ್ 9 ದಾಟ್ತು, ಹುಡುಗ್ರು ಸ್ವಿಚ್ ಕಡೆ ಓಡಿದ್ರು. ಅದಕ್ಕೇ ಹೇಳೋದು, ಪ್ರತಿ ಬದಲಾವಣೆ ಆದ್ಮೇಲೂ ಮೊದ್ಲು ಸುತ್ತಿಗೆ ಟೆಸ್ಟು, ಫ್ರೀಕ್ವೆನ್ಸಿ ಎಲ್ಲಿ ಬಿತ್ತು ನೋಡಿ, ಆಮೇಲೆ ಆನ್ ಮಾಡಿ. ಓಡೋ ಸ್ಪೀಡ್‌ನಿಂದ ಕಮ್ಮಿ ಅಂದ್ರೂ 20-30 ಪರ್ಸೆಂಟ್ ದೂರ ಇರ್ಲಿ.

ಕೊನೆಗೆ ನಾಲ್ಕೂ ಕಾಲಿಗೆ ಸ್ಟೀಲ್ ಪ್ಯಾಡ್, ಕಾಂಕ್ರೀಟ್‌ಗೆ ಆ್ಯಂಕರ್ ಬೋಲ್ಟ್, ಫ್ರೇಮ್ ಪಕ್ಕಕ್ಕೆ ಎರಡು ಅಡ್ಡ ಬ್ರೇಸ್. ಸುತ್ತಿಗೆ ಏಟಿಗೆ 44 ಹರ್ಟ್ಸ್. 61 ಬರ್ಲಿಲ್ಲ, ಯಾವತ್ತೂ ಬರಲ್ಲ, ಕಾಂಕ್ರೀಟೂ ಬೋಲ್ಟೂ ಕೂಡ ಸ್ವಲ್ಪ ಬಗ್ಗತ್ತೆ. 1800ರಲ್ಲಿ ರೀಡಿಂಗ್ 1.2. ಬೇರಿಂಗ್ ಅವೇ, ರೋಟರ್ ಅದೇ.

ಆಮೇಲೆ ಸ್ಪಾನ್ಸರ್ ಕೊಟ್ಟಿದ್ದ ಹಳೇ ಶೀಟ್ ತೆಗೆದು ನೋಡಿದ್ರೆ ಮೂರನೇ ಪೇಜಲ್ಲಿ ಒಂದೇ ಸಾಲು, ರಿಗ್ ನೆಲಕ್ಕೆ ಆ್ಯಂಕರ್ ಮಾಡಿರತಕ್ಕದ್ದು ಅಂತ. ಮೊದಲ ಮೀಟಿಂಗ್‌ನಲ್ಲೇ ಓದಿದ್ವಿ, ಅದು ಅವರ ಪ್ಲಾಂಟ್‌ಗೆ ಹೋದ್ಮೇಲಿನ ಮಾತು ಅಂದ್ಕೊಂಡಿದ್ವಿ.

ಸ್ಪಾನ್ಸರ್‌ಗೆ ಏನು ಕಳಿಸ್ಬೇಕು

ಅವರ ಇಂಜಿನಿಯರ್‌ಗೆ ವಾರಕ್ಕೆ ನಿಮಗಂತ ಸಿಗೋದು ಅರ್ಧ ಗಂಟೆ. ರಿಗ್ ನಡುಗ್ತಿದೆ ಸರ್ ಏನ್ ಮಾಡೋದು ಅಂತ ಮೆಸೇಜ್ ಹಾಕಿದ್ರೆ ಅವರು ಅವರ ಅನುಭವದಲ್ಲಿ ಜಾಸ್ತಿ ಸಲ ಕಂಡಿದ್ದನ್ನೇ ಹೇಳ್ತಾರೆ, ನಮಗೆ ಬೇರಿಂಗ್ ಅಂದ ಹಾಗೆ. ಒಂದೇ ಪೇಜ್ ಸಾಕು: ಯಾವ ಸ್ಪೀಡ್‌ನಲ್ಲಿ ಎಷ್ಟು, ಎಲ್ಲಿ ಅಳೆದಿದ್ದು, ಯಾವ ದಿಕ್ಕು, ರಿಗ್ ಯಾವುದ್ರ ಮೇಲೆ ನಿಂತಿದೆ, ಏನೇನು ಬದಲಾಯಿಸಿದ್ರಿ ಏನಾಯ್ತು, ಏನು ಅಲ್ಲ ಅಂತ ಖಾತ್ರಿ ಆಗಿದೆ, ಅವರಿಂದ ಏನು ಬೇಕು. ಕೋಸ್ಟ್ ಡೌನ್ ಗ್ರಾಫ್ (ಪವರ್ ಕಟ್ ಮಾಡಿದಾಗಿಂದು) ಒಂದೇ ಒಂದು ಹಾಕಿ. ನಾವು ಹಿಂಗೆ ಕಳಿಸಿದ ದಿನ ಹತ್ತು ನಿಮಿಷದಲ್ಲಿ ಫೋನ್ ಬಂತು, ಮೊದಲ ಪ್ರಶ್ನೆನೇ ಕಾಲಿಗೆ ಏನು ಹಾಕಿದ್ದೀರಿ ಅಂತ. ಎನ್‌ಡಿಎ (ಗುಟ್ಟು ಕಾಪಾಡೋ ಒಪ್ಪಂದ) ಸಹಿ ಹಾಕಿದ್ರೆ ರೋಟರ್ ಫೋಟೋ, ಸೀಲ್ ಡೈಮೆನ್ಷನ್ ಇವನ್ನ ಸಹಾಯ ಕೇಳೋಕೆ ಅಂತ ಎಲ್ಲೆಲ್ಲೋ ಹಾಕ್ಬೇಡಿ, ಗ್ರಾಫ್ ಮತ್ತು ಬಾಕ್ಸ್ ಚಿತ್ರ ಬರೆದು ಕೇಳಿ.

ರಿಗ್ ಸಾಗಿಸೋಕೆ ಬಿಚ್ಚೋವಾಗ ಶಿಮ್‌ಗಳನ್ನ ಯಾವ ಕಾಲಿಂದು ಅಂತ ಬರೆದು ಬೇರೆ ಬೇರೆ ಕವರ್‌ನಲ್ಲಿ ಹಾಕಿ, ಬೋಲ್ಟ್ ತಲೆಗಳ ಮೇಲೆ ಪೇಂಟ್ ಗೆರೆ ಎಳೀರಿ, ಹೊಸ ಜಾಗದಲ್ಲಿ ಕೂರಿಸಿದ ಮೇಲೆ ಸಾಫ್ಟ್ ಫೂಟ್‌ನಿಂದ ಮತ್ತೆ ಶುರು ಮಾಡಿ, ಯಾಕಂದ್ರೆ ನೆಲ ಬೇರೆ. ಅವರ ಪ್ಲಾಂಟ್‌ನಲ್ಲಿ ನಮ್ಮ ರಿಗ್ ಮೊದಲ ಸಲ 1.5 ತೋರಿಸ್ತು, ಒಂದು ದಿನ ಓಡಿದ್ಮೇಲೆ 2ರ ಹತ್ರ ಹೋಯ್ತು, ಫೋನ್ ಬಂತು. ಪೇಂಟ್ ಗೆರೆ ನೋಡಿ ಸರ್ ಅಂದ್ವಿ. ಒಂದು ಆ್ಯಂಕರ್ ನಟ್‌ನ ಗೆರೆ ಕಾಲು ಸುತ್ತು ಸರಿದಿತ್ತು.